ಕಟ್ಟಿಂಗೇರಿಯಿಂದ ಪ್ಯಾರಿಸ್ಸಿಗೆ

ಪರದೇಶದ ವಿದ್ಯೆ ಕಲಿತರೆ ಸ್ವಂತಿಕೆ ಹೋದೀತೆಂದು ಅಂಜುವ ಶರಣಬಂಧುಗಳೇ, ಮಂಗಳೂರಿನ ಬಲ್ಮಠವನ್ನು ನೆನೆಯಿರಿ. ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಸ್ಥಾಪಿಸಿದ ಮುದ್ರಣಾಲಯವೇ ನಮ್ಮ ಬಸವಪುರಾಣವನ್ನೂ ಅಚ್ಚು ಹಾಕಿತು.

ಅದೇ ಕರಾವಳಿಯಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ, 1911ರಲ್ಲಿ ಜನಿಸಿದವರು ಚಿತ್ರಕಾರ ಕೆ. ಕೆ. ಹೆಬ್ಬಾರರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿದ್ದವರು, 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಗುರುವಾಗಿದ್ದವನು ಶಿಷ್ಯನಾಗುವುದು ಸಾಮಾನ್ಯವೇ? ರೇಖೆಗೆ ಲಯ ಒಲಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಸಿಸಿದರು. ಆದರೂ ಅವರ ಕುಂಚಕ್ಕೆ ಒದಗಿಬಂದುದು ಕೋಳಿಯಂಕ, ಯಕ್ಷಗಾನಗಳೇ. ಬಣ್ಣದ ಧೈರ್ಯ ಪ್ಯಾರಿಸ್ಸಿನದಾಗಿರಬಹುದು. ಲಯ ಮಾತ್ರ ಊರ ಚೆಂಡೆಯದೆಂದೇ ನನ್ನ ಎಣಿಕೆ.

ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ತಮ್ಮ ಹಲವು ಕೃತಿಗಳನ್ನು ದಾನವಾಗಿತ್ತರು. ನಮ್ಮ ಮಾತಿನಲ್ಲಿ ದಾಸೋಹ. ಅವನ್ನು ಮಕ್ಕಳಿಗೂ ತೋರಿಸಿರಿ.