ಭೀಮೆಯ ಮೀನು ಕಾವೇರಿಗೆ ಹೋದಾಗ

ಸೈದಾಪುರದ ನಮಗೆ ಹತ್ತಿರದ ಭೀಮೆಗೆ ಪುಣೆಯ ಮುಳಾ-ಮುಠಾ ನೀರೂ ಬಂದು ಸೇರುತ್ತದೆ. ನೀಲಿ ರೆಕ್ಕೆಯ ಮಹಶೀರ್ ಮೀನನ್ನು 1839ರಲ್ಲಿ ಸೈಕ್ಸ್ ಎಂಬಾತ ವಿಜ್ಞಾನಕ್ಕೆ ಪರಿಚಯಿಸಿದ್ದು ಆ ಮುಳಾ-ಮುಠಾದಿಂದಲೇ.

ಕಾವೇರಿಯ ದೊಡ್ಡ ಮಹಶೀರ್ ಬೇರೆ ಜಾತಿಯದು. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಒಬ್ಬರು ಕಾವೇರಿಯ ಉಪನದಿ ಕಬಿನಿಯಲ್ಲಿ ಗಾಳಕ್ಕೆ ಕೆಡವಿದ ಮೀನು 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ. ನಮ್ಮ ಹೈಸ್ಕೂಲಿನ ಎಷ್ಟೋ ಹುಡುಗರು ಅಷ್ಟು ತೂಗುವುದಿಲ್ಲ!

ಮುಂದೆ, ಮಹಶೀರ್ ಹೆಚ್ಚಲೆಂದು ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಕಾವೇರಿಗೆ ಬಿಟ್ಟರು. ಉದ್ದೇಶವೇನೋ ಒಳ್ಳೆಯದೇ. ಆದರೆ ಬಂದ ಮೀನು ಹೆಚ್ಚಿತು, ಅಲ್ಲಿಯದೇ ಆದ ಮೀನು ಕರಗಿತು. ಅಣೆಕಟ್ಟು, ಸಿಡಿಮದ್ದುಗಳ ಪಾಲೂ ಇದೆ, ನಿಜ. ಗೂನುಬೆನ್ನಿನ ಈ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೂ ಸೇರಿತು.