ಹೋಮ್‌ಸ್ಟೆಡ್: ವರ್ಷದ ಮೊದಲ ಓಟ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಮಯಾಮಿ ನಗರದಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಮೈಲಿ ಸಾಗಿದರೆ ಹೋಮ್‌ಸ್ಟೆಡ್ ಎಂಬ ಊರು ಸಿಗುತ್ತದೆ. ಪಶ್ಚಿಮಕ್ಕೆ ಎವರ್‌ಗ್ಲೇಡ್ಸ್ ಎಂಬ ವಿಸ್ತಾರವಾದ ಜೌಗುಪ್ರದೇಶ. ಪೂರ್ವಕ್ಕೆ ಬಿಸ್ಕೇನ್ ಕೊಲ್ಲಿ. ನೆಲ ಅಂಗೈಯಂತೆ ಸಮತಟ್ಟು. ಸುತ್ತಿನ ತೋಟಗಳಲ್ಲಿ ಬೆಣ್ಣೆಹಣ್ಣಿನೊಡನೆ ನಮ್ಮ ಮಾವೂ ಬೆಳೆಯುತ್ತದೆ. ಈ ರೈತರ ಸೀಮೆಯ ನಡುವೆ, ಒಂದೂವರೆ ಮೈಲಿ ಸುತ್ತಳತೆಯ, ಅಂಡಾಕಾರದ ಮೋಟಾರು ಪಂದ್ಯದ ಹಾದಿಯೊಂದಿದೆ.

ಈ ಹಾದಿಯ ಹುಟ್ಟೇ ವಿಪತ್ತಿನೊಡನೆ ಹೆಣೆದುಕೊಂಡದ್ದು. 1992ರ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತ ಊರನ್ನು ಧೂಳೀಪಟ ಮಾಡಿತು. ಸಾವಿರಾರು ಮನೆಗಳು ನೆಲಸಮವಾದವು; ಪಕ್ಕದ ವಾಯುನೆಲೆಯೂ ಉಳಿಯಲಿಲ್ಲ. ಸರಿಯಾಗಿ ವರುಷ ತುಂಬಿದ ದಿನ, 1993ರ ಆಗಸ್ಟ್ 24ರಂದು, ಪಂದ್ಯದ ಹಾದಿಗೆ ಮೊದಲ ಗುದ್ದಲಿ ಬಿತ್ತು. ಊರಿಗೆ ಮತ್ತೆ ಜನ ಬರಲಿ, ಹಣ ಬರಲಿ ಎಂಬುದು ಅದನ್ನು ಕಟ್ಟಿದವರ ಹಂಬಲ. 1995ರ ನವೆಂಬರಿನಲ್ಲಿ ಹಾದಿ ಸಿದ್ಧವಾಯಿತು.

2002ರಿಂದ 2008ರವರೆಗೆ ಇಂಡಿಕಾರ್ ಪಂದ್ಯಮಾಲೆಯ ವರ್ಷದ ಮೊದಲ ಓಟ ನಡೆದದ್ದು ಇಲ್ಲಿಯೇ. ಈ ಕಾರುಗಳ ಚಕ್ರಗಳಿಗೆ ಮೇಲುಹೊದಿಕೆಯಿಲ್ಲ; ಒಂದರ ಚಕ್ರ ಇನ್ನೊಂದರ ಚಕ್ರಕ್ಕೆ ತಗುಲಿದರೆ ಕಾರು ಗಾಳಿಗೇರಿಬಿಡಬಹುದು. ತಿರುವುಗಳಲ್ಲಿ ಹಾದಿಯನ್ನು ಹೊರಬದಿಗೆ ಎತ್ತರಿಸಿ ಓರೆಯಾಗಿ ಕಟ್ಟಿರುವುದರಿಂದ ಚಾಲಕರು ಗಂಟೆಗೆ ಇನ್ನೂರು ಮೈಲಿಗೂ ಮಿಗಿಲಾದ ವೇಗದಲ್ಲಿ ತಿರುಗಬಲ್ಲರು. ಇಡೀ ಒಂದು ಸುತ್ತಿಗೆ ಅರ್ಧ ನಿಮಿಷವೂ ಬೇಡ. ವರ್ಷದ ಮೊದಲ ಓಟವೆಂದರೆ ಎಲ್ಲರ ಲೆಕ್ಕದ ಪುಸ್ತಕವೂ ಖಾಲಿ. ಕಳೆದ ವರ್ಷ ಸೋತವನಿಗೂ ಅಂದು ಗೆಲುವಿನ ಆಸೆ.

2006ರ ಮಾರ್ಚ್ 26ರಂದು ಅಂಥ ಆಸೆಯಿಂದ ಬಂದವರಲ್ಲಿ ಪಾಲ್ ಡೇನಾ ಒಬ್ಬರು. ವಯಸ್ಸು ಮೂವತ್ತು. ಪತ್ರಿಕೋದ್ಯಮ ಓದಿ ಬರೆಹಗಾರರಾಗಿದ್ದವರು. ಹಿಂದಿನ ವರ್ಷ ಇಂಡಿಯಾನಾಪೊಲಿಸ್‌ನ ಅಭ್ಯಾಸದಲ್ಲಿ ಬೆನ್ನುಮೂಳೆ ಮುರಿದುಕೊಂಡು, ಚೇತರಿಸಿಕೊಂಡು, ಹೊಸ ತಂಡಕ್ಕೆ ಸೇರಿದ್ದರು. ಎಥನಾಲನ್ನು, ಎಂದರೆ ನಮ್ಮಲ್ಲಿ ಕಬ್ಬಿನ ಕಾಕಂಬಿಯಿಂದಲೂ ಅಲ್ಲಿ ಮುಸುಕಿನ ಜೋಳದಿಂದಲೂ ತೆಗೆಯುವ ಮದ್ಯಸಾರವನ್ನು, ಪಂದ್ಯದ ಕಾರುಗಳಿಗೆ ಇಂಧನವಾಗಿ ತರಬೇಕೆಂದು ಶ್ರಮಿಸಿದವರು ಅವರು. ಅವರ ತಂಡದ ಖರ್ಚಿಗೂ ಎಥನಾಲ್ ಉತ್ಪಾದಕರ ಬೆಂಬಲವಿತ್ತು.

ಅಂದು ಬೆಳಗ್ಗೆ, ಓಟಕ್ಕೆ ಮುಂಚಿನ ಅಭ್ಯಾಸದಲ್ಲಿ, ಎಡ್ ಕಾರ್ಪೆಂಟರ್ ಎಂಬವರ ಕಾರು ತಿರುಗಿ ಗೋಡೆಗೆ ಬಡಿದು ನಿಂತಿತು. ಅಪಾಯ ಸೂಚಿಸುವ ಹಳದಿ ದೀಪ ಹೊತ್ತಿತು. ಆದರೂ ಹಿಂದಿನಿಂದ ಬಂದ ಡೇನಾ ಅವರ ಕಾರು ಭಾರೀ ವೇಗದಲ್ಲಿ ಅದಕ್ಕೆ ಅಪ್ಪಳಿಸಿತು. ಕಾರ್ಪೆಂಟರ್ ಬದುಕಿದರು; ಡೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಓಟ ನಿಲ್ಲಲಿಲ್ಲ. ಮಧ್ಯಾಹ್ನ ಕಾರುಗಳು ಸಾಲುಗೂಡಿ ಹೊರಟವು. ಇನ್ನೂರು ಸುತ್ತುಗಳಾದ ಮೇಲೆ ಇಂಗ್ಲೆಂಡಿನ ಡಾನ್ ವೆಲ್ಡನ್, ಬ್ರೆಜಿಲ್‌ನ ಹೀಲಿಯೊ ಕ್ಯಾಸ್ಟ್ರೊನೆವಿಸ್ ಅವರಿಗಿಂತ 0.0147 ಸೆಕೆಂಡು ಮುಂದಾಗಿ ಗೆದ್ದರು. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸಾವಿನ ದಿನ ಆಟ ನಡೆಯಬಹುದೆ? ಅಪಾಯವನ್ನು ಅರಿತೇ ಕಾರಿಗೇರುವವರು ಒಬ್ಬರ ಸಾವಿಗೆ ಹೆದರಿ ನಿಲ್ಲಲಾರರು ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಡೇನಾ ಅವರ ತಂಡ ಅಂದು ತನ್ನ ಉಳಿದೆರಡು ಕಾರುಗಳನ್ನು ಓಟಕ್ಕೆ ಬಿಡಲಿಲ್ಲ. ಡಾನಿಕಾ ಪ್ಯಾಟ್ರಿಕ್ ಮತ್ತು ಬಡ್ಡಿ ರೈಸ್ ಹೊರಗುಳಿದರು. ಇನ್ನೂರು ಸುತ್ತುಗಳ ಆ ಅಬ್ಬರಕ್ಕಿಂತ, ಓಡದೆ ನಿಂತ ಆ ಎರಡು ಕಾರುಗಳ ಮೌನವೇ ಮಾನವೀಯವೆಂದು ನನಗೆ ತೋರುತ್ತದೆ.

ಮರುವರ್ಷ, 2007ರಲ್ಲಿ, ಇಂಡಿಕಾರ್ ಪಂದ್ಯಗಳೆಲ್ಲ ಎಥನಾಲ್ ಇಂಧನಕ್ಕೆ ತಿರುಗಿದವು. ಅದರ ಮೊದಲ ಓಟ ನಡೆದದ್ದೂ ಹೋಮ್‌ಸ್ಟೆಡ್‌ನಲ್ಲಿಯೇ. ಡೇನಾ ಬಯಸಿದ್ದು ಅವರು ಬಿದ್ದ ನೆಲದಲ್ಲಿಯೇ ಕೈಗೂಡಿತು. 2005ರಿಂದ ಅಲ್ಲಿ ಎಡೆಬಿಡದೆ ಗೆಲ್ಲುತ್ತಿದ್ದ ವೆಲ್ಡನ್ ಅಂದೂ ಗೆದ್ದರು. 2011ರ ಅಕ್ಟೋಬರ್ 16ರಂದು ಲಾಸ್ ವೇಗಸ್‌ನಲ್ಲಿ, ಆ ವರ್ಷದ ಕೊನೆಯ ಓಟದಲ್ಲಿ, ಅವರೂ ಅಪಘಾತಕ್ಕೆ ಬಲಿಯಾದರು.

ಹೋಮ್‌ಸ್ಟೆಡ್‌ಗೆ ಇಂಡಿಕಾರ್ ಓಟ ಕಡೆಯ ಸಲ ಬಂದದ್ದು 2010ರಲ್ಲಿ. ಹಾದಿ ಇಂದಿಗೂ ಇದೆ. ಬೇರೆ ಬಗೆಯ ಕಾರುಗಳು ಅಲ್ಲಿ ಓಡುತ್ತವೆ. ಬಿರುಗಾಳಿಯ ಮರುವರ್ಷವೇ ಹಾರೆ ಗುದ್ದಲಿ ಹಿಡಿದ ಆ ಊರಿನ ಹೊರವಲಯದಲ್ಲಿ ಮಾವು ಕಾಲಕಾಲಕ್ಕೆ ಹೂ ಬಿಡುತ್ತದೆ.