ಕೂಸಿಗಿಂತ ಮೊದಲು ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ನಮ್ಮಲ್ಲಿ ಆತುರಗಾರರನ್ನು ಹಂಗಿಸಲು ಬಳಕೆಯಾಗುತ್ತದೆ. ಬನಹಟ್ಟಿಯ ಆ ನೇಕಾರರ ಮನೆಯಲ್ಲಿ ಮಾತ್ರ ಅದೊಂದು ಕಟ್ಟಳೆಯೇ ಆಗಿತ್ತು. ಮಗಳ ಕುಬಸ ಮುಗಿದು ದಿನ ತುಂಬುತ್ತಿದ್ದರೂ ಕೂಸಿನ ಹೆಸರಿನಲ್ಲಿ ಒಂದು ಚಿಂದಿ ಬಟ್ಟೆಯನ್ನೂ ಕೊಳ್ಳಲು ಆಯಿ ಬಿಡಲಿಲ್ಲ. ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಕೂಡ ಕೆಳಗಿಳಿಸಿದ್ದು ಹೆರಿಗೆಯಾದ ಸುದ್ದಿ ಬಂದ ಮೇಲೆಯೇ.

ಜನವರಿ ತಿಂಗಳಲ್ಲಿ ಜಮಖಂಡಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಳಿಯ ಬೀಳಗಿಯವನು, ಮುಧೋಳದ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತ. ಹಿಂದಿನ ವರ್ಷವಷ್ಟೇ ಒಂದು ಹಳೆಯ ಸಣ್ಣ ಕಾರು ಕೊಂಡಿದ್ದ. ನಾಲ್ಕನೆಯ ದಿನ ಸಂಜೆ ಅದೇ ಕಾರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಬನಹಟ್ಟಿಗೆ ಕರೆತಂದರು. ಹಿಂದಿನ ಸೀಟಿನಲ್ಲಿ ಆಯಿ, ಅವಳ ಉಡಿಯಲ್ಲಿ ಕುಂಚಿಗೆ ತೊಟ್ಟ ಕೂಸು, ಪಕ್ಕದಲ್ಲಿ ಮಗಳು. ಇಬ್ಬರ ನಡುವೆ ಸ್ಟೀಲಿನ ಊಟದ ಡಬ್ಬಿ.

ಅದು ಕಬ್ಬು ಸಾಗಿಸುವ ಕಾಲ. ಆ ದಿನಗಳಲ್ಲಿ ಜಮಖಂಡಿ, ಮುಧೋಳ ಸೀಮೆಯ ರಸ್ತೆಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತು: ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಮೇಲೆ ಮುಗಿಲಿಗೆ ಮುಟ್ಟುವಂತೆ ಕಬ್ಬು, ಹಿಂದೆ ದೀಪವಿಲ್ಲ. ಮಬ್ಬುಗತ್ತಲಲ್ಲಿ ಅಂಥದೊಂದು ಟ್ರೇಲರು ಥಟ್ಟನೆ ಕಣ್ಣೆದುರು ಬಂತು. ಅಳಿಯ ಬ್ರೇಕು ಒತ್ತಿದ. ಕಾರು ನಿಂತಿತು, ಡಬ್ಬಿ ನಿಲ್ಲಲಿಲ್ಲ. ಎರಡು ಸೀಟುಗಳ ನಡುವಿನಿಂದ ಹಾರಿ ಮುಂದಿನ ಹಲಗೆಗೆ ಬಡಿದು ಅನ್ನವೆಲ್ಲ ಚೆಲ್ಲಿತು. ಆಯಿಯ ಮೊಣಕೈ ಮುಂದಿನ ಸೀಟಿಗೆ ಬಡಿಯಿತು. ಕೂಸಿಗೆ ಏನೂ ಆಗಲಿಲ್ಲ, ಎಚ್ಚರವೂ ಆಗಲಿಲ್ಲ. "ದೇವರು ದೊಡ್ಡಾಂವ" ಎಂದು ಆಯಿ ಸೆರಗಿನಿಂದ ಕೂಸಿನ ಹಣೆ ಸವರಿದಳು. ಮೊಣಕೈ ಎಂಟು ದಿನ ಕಪ್ಪಗಿತ್ತು.

ಆ ಡಬ್ಬಿ ಅಳಿಯನ ಮನಸ್ಸಿನಿಂದ ಹೋಗಲಿಲ್ಲ. ಯುಗಾದಿ ಮುಗಿದ ಮೇಲೆ ಮೂರನೆಯ ತಿಂಗಳಲ್ಲಿ ತಾಯಿ ಮಗುವನ್ನು ಬೀಳಗಿಗೆ ಕಳಿಸಬೇಕು. ತವರಿನವರ ಉಡುಗೊರೆಯಾಗಿ ತೊಟ್ಟಿಲು ಕೊಡುವುದು ವಾಡಿಕೆ. ಹಳೆಯ ತೊಟ್ಟಿಲು ಗಟ್ಟಿಯಾಗಿಯೇ ಇರುವುದರಿಂದ ಅದಕ್ಕೇ ಬಣ್ಣ ಬಳಿದು, ಉಳಿದ ಏಳು ಸಾವಿರ ರೂಪಾಯಿಯಲ್ಲಿ ಕೂಸಿಗೆ ಬೇರೇನಾದರೂ ಕೊಡುವುದೆಂದು ಅಜ್ಜ ಹೇಳಿದ. ಏನು ಕೊಡುವುದು ಎಂಬಲ್ಲಿ ಚರ್ಚೆ ಶುರುವಾಯಿತು. ಮಗಳಿಗೆ ತಳ್ಳುಗಾಡಿಯ ಆಸೆ. ಸಂಜೆ ಕೂಸನ್ನು ಅದರಲ್ಲಿ ಕೂರಿಸಿ ತಿರುಗಾಡಿಸುವ ಚಿತ್ರ ಅವಳ ಕಣ್ಣಲ್ಲಿತ್ತು. ಅಳಿಯನಿಗೆ ಕಾರಿನಲ್ಲಿ ಬಿಗಿಯುವ ಕೂಸಿನ ಸೀಟು ಬೇಕು. ಆಯಿಗೆ ಎರಡೂ ಬೇಡ.

"ನನ್ನ ಉಡಿಗಿಂತ ಭದ್ರ ಗಾದಿ ಯಾವ ಅಂಗಡ್ಯಾಗ ಸಿಗತೈತ್ರಿ ಅಳಿಯಂದ್ರ?" ಎಂದು ಕೇಳಿದಳು. ಆ ಮನೆಯಲ್ಲಿ ಅದಕ್ಕೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ಐದು ಮಕ್ಕಳು ಆ ಉಡಿಯಲ್ಲೇ ಬೆಳೆದಿದ್ದರು.

ಮೊದಲು ತಳ್ಳುಗಾಡಿಯ ವಿಚಾರ ಮುಗಿಯಿತು. ತಳ್ಳುಗಾಡಿಗೆ ದೊಡ್ಡ ಚರಿತ್ರೆಯೇ ಇದೆ. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ವಿನ್ಯಾಸಕಾರ ಡೆವನ್‌ಷೈರ್ ಡ್ಯೂಕನ ಮಕ್ಕಳಿಗೆಂದು ಸಣ್ಣ ಪ್ರಾಣಿ ಎಳೆಯುವಂಥ ಒಂದು ಗಾಡಿ ಮಾಡಿಕೊಟ್ಟನಂತೆ. ಈಗ ಎಲ್ಲೆಡೆ ಕಾಣುವ, ಛತ್ರಿಯಂತೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದವನು ಓವೆನ್ ಮೆಕ್ಲಾರೆನ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ, ನೆಲಕ್ಕಿಳಿಯುವ ಚಕ್ರಗಳ ಚೌಕಟ್ಟಿನ ಕೆಲಸ ಮಾಡಿದ್ದ ಎಂಜಿನಿಯರ್ ಅವನು. ಮೊಮ್ಮಗುವಿನ ಭಾರವಾದ ಗಾಡಿಯೊಂದಿಗೆ ಮಗಳು ಒದ್ದಾಡುವುದನ್ನು ನೋಡಿ, ಅಲ್ಯೂಮಿನಿಯಂ ಕೊಳವೆಗಳಿಂದ ಸುಮಾರು 3 ಕಿಲೊ ತೂಕದ ಗಾಡಿ ಮಾಡಿದ.

ಆದರೆ ಆ ಗಾಡಿ ಓಡಬೇಕಾದದ್ದು ಬನಹಟ್ಟಿ, ಬೀಳಗಿಗಳ ಓಣಿಯಲ್ಲಿ. ಚಕ್ಕಡಿಯ ಗಾಲಿ ಏಕೆ ಅಷ್ಟು ದೊಡ್ಡದು ಎಂಬುದು ರೈತರ ಮಕ್ಕಳಿಗೆ ಗೊತ್ತು. ಕಲ್ಲು ಅಡ್ಡ ಬಂದರೆ ದೊಡ್ಡ ಗಾಲಿ ಅದನ್ನು ಹತ್ತಿ ದಾಟುತ್ತದೆ, ಸಣ್ಣ ಗಾಲಿ ಮುಗ್ಗರಿಸಿ ನಿಲ್ಲುತ್ತದೆ. ತಳ್ಳುಗಾಡಿಯ ಅಂಗೈಯಗಲದ ಗಾಲಿಗಳಿಗೆ ನಮ್ಮ ಓಣಿಯ ಫರಸಿ ಕಲ್ಲು, ಗಟಾರದ ಮೇಲಿನ ಹಾಸು, ಮನೆಗೊಂದರಂತಿರುವ ಉಬ್ಬು ಇವೆಲ್ಲ ಬೆಟ್ಟಗಳೇ. ಇನ್ನೊಂದು ತೊಡಕೂ ಇದೆ. ಕತ್ತು ನಿಲ್ಲದ ಕೂಸನ್ನು ಕೂರಿಸುವ ಗಾಡಿಯಲ್ಲಿ ಹಾಕುವಂತಿಲ್ಲ. ಬೆನ್ನು ಪೂರ್ತಿ ಚಪ್ಪಟೆಯಾಗಿ ಮಲಗುವಂಥ ಗಾಡಿಯೇ ಬೇಕು, ಅದಕ್ಕೆ ಬೆಲೆ ಹೆಚ್ಚು. ಉದ್ಯಾನ, ಸಮತಟ್ಟಾದ ಪಾದಚಾರಿ ದಾರಿ ಇರುವ ಊರಿನವರು ಕೊಳ್ಳಲಿ. ಆಗ ಐದು ಕಡೆ ಬಿಗಿಯುವ ಪಟ್ಟಿ, ಗಟ್ಟಿಯಾದ ಬ್ರೇಕು, ಮಡಚುವಲ್ಲಿ ಬೆರಳು ಸಿಕ್ಕದಂಥ ಕೀಲು ಇವನ್ನು ನೋಡಿ ಕೊಳ್ಳಲಿ. ಮಗಳು ತಾನೇ ಒಂದು ಸಂಜೆ ಓಣಿಯ ತುದಿಯವರೆಗೆ ನಡೆದು ಬಂದು, "ಬ್ಯಾಡ ಬಿಡ್ರಿ, ಕಂಕುಳಾಗ ಎತ್ಕೊಂಡ ಅಡ್ಡಾಡ್ತೀನಿ" ಎಂದಳು.

ಉಳಿದದ್ದು ಆಯಿಯ ಉಡಿ. ಅದರ ಪ್ರಶ್ನೆಗೆ ಉತ್ತರ ಹುಡುಕಿದವನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದ ಮೊಮ್ಮಗ. ಒಂಬತ್ತನೆಯ ತರಗತಿಯಲ್ಲಿ ಓದಿದ ನ್ಯೂಟನ್ನನ ನಿಯಮಗಳು ಪರೀಕ್ಷೆಯ ನಂತರವೂ ಉಪಯೋಗಕ್ಕೆ ಬರುತ್ತವೆ ಎಂದು ಅವನು ಅಂದುಕೊಂಡಿರಲಿಲ್ಲ. ಹಳೆಯ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿದ. ಕೂಸಿನ ತೂಕ 5.5 ಕಿಲೊ. ಕಾರಿನ ವೇಗ ಗಂಟೆಗೆ 40 ಕಿಲೊಮೀಟರು, ಅಂದರೆ ಸೆಕೆಂಡಿಗೆ ಸುಮಾರು 11.1 ಮೀಟರು. ಕಾರು ಎದುರಿನ ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತು ಎಂದಿಟ್ಟುಕೊಂಡರೆ ಕೂಸನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 610 ನ್ಯೂಟನ್. ಅದು 62 ಕಿಲೊ ಭಾರ ಎತ್ತಿ ಹಿಡಿದಂತೆ.

"ಆಯಿ, ಸಿಮೆಂಟ್ ಚೀಲ ಎಷ್ಟ ಕಿಲೊ ಇರತೈತಿ?"

"ಐವತ್ತ."

"ಅದಕ್ಕಿಂತ ಹನ್ನೆರಡ ಕಿಲೊ ಜಾಸ್ತಿ ವಜ್ಜಿ ಕಣ್ಣ ಪಿಳಿಕಿಸೂದ್ರಾಗ ನಿನ್ನ ಕೈಯಾಗ ಬಂದ ಬೀಳತೈತಿ. ಹಿಡಿತೀಯೇನು?"

ವೇಗ 60 ಆದರೆ, ಅಷ್ಟೇ ಹೊತ್ತಿನಲ್ಲಿ ನಿಲ್ಲಬೇಕಾದಾಗ, ಅದೇ ಕೂಸು 93 ಕಿಲೊ ಆಗುತ್ತದೆ, ಹೆಚ್ಚು ಕಡಿಮೆ ಒಂದು ಜೋಳದ ಚೀಲ. ಹುಡುಗ ಇನ್ನೊಂದು ಲೆಕ್ಕವನ್ನೂ ಮಾಡಿದ್ದ. 40ರ ವೇಗದಲ್ಲಿ ಬಡಿಯುವುದೆಂದರೆ 6 ಮೀಟರಿಗೂ ಎತ್ತರದಿಂದ, ಎರಡಂತಸ್ತಿನ ಮಾಳಿಗೆಯಿಂದ ನೆಲಕ್ಕೆ ಬಿದ್ದಂತೆ.

ಆಯಿ ಒಪ್ಪಲಿಲ್ಲ. "ಪುಸ್ತಕದ ಲೆಕ್ಕ ಪುಸ್ತಕದಾಗ ಇರಲಿ" ಎಂದಳು. ಆಗ ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಅಜ್ಜ ಬಾಯಿ ಬಿಟ್ಟ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವನು. "ಅಂವ ಹೇಳೂದು ಖರೇ ಐತಿ. ಮಗ್ಗ ನಿಂತ್ರೂ ಲಾಳಿ ನಿಂದ್ರೂದಿಲ್ಲ" ಎಂದ.

ನೇಕಾರರ ಊರಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಪವರ್‌ಲೂಮಿನಲ್ಲಿ ಲಾಳಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಬಾಣದಂತೆ ಹಾರುತ್ತದೆ. ಎದುರಿನ ಪೆಟ್ಟಿಗೆ ಅದನ್ನು ಸರಿಯಾಗಿ ಹಿಡಿಯದಿದ್ದರೆ ಹೊರಗೆ ಹಾರಿ ಎದುರು ನಿಂತವರ ಮುಖಕ್ಕೂ ಬಡಿಯಬಹುದು. ಹಾರುವ ಲಾಳಿಯನ್ನು ಕೈಯಿಂದ ಹಿಡಿಯುತ್ತೇನೆ ಎನ್ನುವ ನೇಕಾರ ಯಾರೂ ಇಲ್ಲ. ಅದನ್ನು ಹಿಡಿಯಲು ಪೆಟ್ಟಿಗೆಯೇ ಬೇಕು. ಜಡತ್ವ ಎಂಬ ಪದವನ್ನು ಆಯಿ ಎಂದೂ ಕೇಳಿದವಳಲ್ಲ. ಲಾಳಿಯನ್ನು ಮಾತ್ರ ಹುಟ್ಟಿದಾಗಿನಿಂದ ನೋಡಿದವಳು. ಅವಳು ತನ್ನ ಮೊಣಕೈ ಸವರಿಕೊಂಡು ಸುಮ್ಮನಾದಳು.

ಕಾರಿನ ಸೀಟು ಆ ಪೆಟ್ಟಿಗೆಯ ಕೆಲಸವನ್ನೇ ಮಾಡುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಸೀಟುಗಳ ಉದ್ದೇಶ ಮಗು ಅತ್ತಿತ್ತ ಸರಿಯದಂತೆ ಎತ್ತರದಲ್ಲಿ ಕೂರಿಸುವುದಷ್ಟೇ ಆಗಿತ್ತು. ಮಗುವಿನ ಜೀವ ಕಾಯುವ ಸೀಟಿನ ವಿಚಾರ ಬಲಗೊಂಡಿದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ ವಿಜ್ಞಾನಿ, ಗಗನಯಾತ್ರಿಗಳು ರಾಕೆಟ್ಟಿನ ಒತ್ತಡವನ್ನು ಬೆನ್ನಿನ ಮೇಲೆ ತೆಗೆದುಕೊಳ್ಳುವಂತೆ ಒರಗಿರುವುದನ್ನು ಗಮನಿಸಿ, 1964ರಲ್ಲಿ ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುವ ಮಕ್ಕಳ ಸೀಟು ಮಾಡಿ ಪರೀಕ್ಷಿಸಿದ. ಇದರ ಹಿಂದಿನ ಕಾರಣ ಸರಳ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗದಷ್ಟಿರುತ್ತದೆ, ಕತ್ತು ಎಳೆಯದು. ಮುಂದೆ ಮುಖ ಮಾಡಿ ಕೂರಿಸಿದರೆ ಭಾರವಾದ ತಲೆ ಕತ್ತನ್ನು ಜಗ್ಗುತ್ತದೆ. ಹಿಂದೆ ಮುಖ ಮಾಡಿದರೆ ಅದೇ ಬಲ ತಲೆ, ಬೆನ್ನು, ಸೊಂಟಗಳಿಗೆಲ್ಲ ಹಂಚಿಹೋಗುತ್ತದೆ. ಅಜ್ಜ ಇದನ್ನೂ ತನ್ನ ಭಾಷೆಯಲ್ಲಿ ಹೇಳಿದ: "ಒಂದ ಎಳಿ ಮ್ಯಾಲೆ ಜಗ್ಗಿದ್ರ ಹರೀತೈತಿ. ಹಾಸಿನ ಮ್ಯಾಲೆಲ್ಲ ಜಗ್ಗಿದ್ರ ತಡೀತೈತಿ."

ಒಂದು ವರ್ಷದೊಳಗಿನ ಕೂಸುಗಳ ಪ್ರಾಣಾಪಾಯವನ್ನು ಇಂಥ ಸೀಟು 71 ಪ್ರತಿಶತದಷ್ಟು ಇಳಿಸುತ್ತದೆ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕ. ನಮ್ಮ ದೇಶದಲ್ಲೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನವರನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಕರೆದೊಯ್ದರೆ 1000 ರೂಪಾಯಿ ದಂಡವಿದೆ. ದಂಡದ ಭಯಕ್ಕಲ್ಲ, ಡಬ್ಬಿಯ ನೆನಪಿಗೆ ಅಳಿಯ ಅಂಗಡಿ ಹುಡುಕಿಕೊಂಡು ಹೋದ.

ಅವನ ಅಮ್ಮ ಬೀಳಗಿಯಿಂದ ಫೋನು ಮಾಡಿ, "ಬೈಕ್ ಮ್ಯಾಲೆ ನಡುವ ಕೂಡಿಸ್ಕೊಂಡ ಬರೂದ ಬಿಟ್ಟ ಇದೇನ ಹೊಸಾದು" ಎಂದಿದ್ದೂ ಉಂಟು. ಬೈಕಿಗೂ ಈಗ ನಿಯಮವಿದೆ. 2022ರ ಫೆಬ್ರವರಿಯಲ್ಲಿ ಹೊರಬಿದ್ದು ಮರುವರ್ಷ ಜಾರಿಗೆ ಬಂದ ನಿಯಮದಂತೆ 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಸೇರಿಸಿ ಬಿಗಿಯುವ ಪಟ್ಟಿ ಇರಬೇಕು, 9 ತಿಂಗಳು ದಾಟಿದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ಟಿರಬೇಕು, ವೇಗ 40 ಮೀರಬಾರದು. ಮೂರು ತಿಂಗಳ ಕೂಸಿನ ತಲೆಗೆ ಹೆಲ್ಮೆಟ್ಟು ಹಾಕಲಾದೀತೆ? ಅಂಥ ಕೂಸನ್ನು ಬೈಕಿನಲ್ಲಿ ಒಯ್ಯದಿರುವುದೇ ಜಾಣತನ.

ಅಂಗಡಿಯಲ್ಲಿ ಅಳಿಯ ಬಣ್ಣ ನೋಡಲಿಲ್ಲ. ಭಾರತದ ಎಐಎಸ್-072 ಮಾನದಂಡದ ಗುರುತೋ, ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರವಿರುವ ಯುರೋಪಿನ ಪರೀಕ್ಷೆಯ ಚೀಟಿಯೋ ಇದೆಯೇ ಎಂದು ನೋಡಿದ. ಹುಟ್ಟಿದಾಗಿನಿಂದ 13 ಕಿಲೊವರೆಗೆ, ಹಿಂದೆ ಮುಖ ಮಾಡಿ ಕೂರಿಸುವಂಥದ್ದನ್ನು ಆರಿಸಿದ. ಅವನ ಹಳೆಯ ಕಾರಿನಲ್ಲಿ ಸೀಟನ್ನು ನೇರವಾಗಿ ಸಿಕ್ಕಿಸುವ ಕೊಂಡಿಗಳಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲೇ ಕಾರಿಗೆ ಒಯ್ದು, ಹಿಂದಿನ ಸೀಟಿನ ಬೆಲ್ಟು ಅದನ್ನು ಸುತ್ತಿ ಬರುವಷ್ಟು ಉದ್ದವಿದೆಯೇ ಎಂದು ಬಿಗಿದು ನೋಡಿದ. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟು ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಸರಿಯಲಿಲ್ಲ. ಮುಂದಿನ ಸೀಟಿನಲ್ಲಿ ಗಾಳಿಚೀಲವಿದ್ದರೆ ಅಲ್ಲಿ ಇದನ್ನು ಎಂದೂ ಇಡಬಾರದು, ಅದು ಉಬ್ಬುವ ರಭಸ ಕೂಸಿನ ತಲೆಗೇ ತಾಗುತ್ತದೆ ಎಂಬುದನ್ನೂ ಕೇಳಿಕೊಂಡ. ಮಾರಿದ ಬೆಲೆ ಆರು ಸಾವಿರದ ಎಂಟುನೂರು.

ಹೊರಡುವ ದಿನ ಬಿಸಿಲೇರುವ ಮೊದಲೇ ಎಲ್ಲರೂ ಎದ್ದರು. ಏಪ್ರಿಲಿನ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬೆಲ್ಟಿನ ಲೋಹದ ಕೊಕ್ಕೆಯೂ ಕೂಸಿನ ಚರ್ಮ ಸುಡುತ್ತದೆ. ಆಯಿ ಕೂಸನ್ನು ಕುಂಚಿಗೆ, ಕೌದಿಗಳಲ್ಲಿ ಸುತ್ತಿ ತಂದಳು. ಅಲ್ಲಿ ಕೊನೆಯ ತಕರಾರು. ದಪ್ಪ ಬಟ್ಟೆಯ ಮೇಲೆ ಪಟ್ಟಿ ಬಿಗಿದರೆ ಬಿಗಿದಂತೆ ಕಂಡರೂ ಬಡಿದಾಗ ಬಟ್ಟೆ ಅಮುಕಿ ಪಟ್ಟಿ ಸಡಿಲಾಗುತ್ತದೆ. ತೆಳ್ಳನೆಯ ಅಂಗಿಯಲ್ಲಿ ಕೂಸನ್ನು ಕೂರಿಸಿ, ಹೆಗಲ ಬಳಿ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಕ್ಕದಷ್ಟು ಬಿಗಿದು, ಆಮೇಲೆ ಕುಂಚಿಗೆಯನ್ನು ಮೇಲೆ ಹೊದಿಸಬೇಕು. ಹುಡುಗ ಇದನ್ನು ಹೇಳಿದಾಗ ಆಯಿ ಮಾತಿಲ್ಲದೆ ಕೌದಿ ಬಿಚ್ಚಿದಳು. ಕುಂಚಿಗೆಯನ್ನು ಮಾತ್ರ ತಾನೇ ಹೊದಿಸಿದಳು, ಮುಖಕ್ಕೆ ಬಾರದಂತೆ ಎದೆಯವರೆಗೆ.

ಮಹಾಲಿಂಗಪುರ ದಾಟುವವರೆಗೂ ಕೂಸು ಅತ್ತಿತು. "ಬಿಚ್ಚಲೇನ್ರಿ?" ಎಂದು ಆಯಿ ಎರಡು ಸಲ ಕೇಳಿದಳು. "ನಿಲ್ಲಿಸಿ ಎತ್ಕೊಳ್ಳೂಣ್ರಿ ಅತ್ತಿ, ಓಡೂ ಗಾಡ್ಯಾಗ ಬ್ಯಾಡ" ಎಂದ ಅಳಿಯ. ಒಂದೆಡೆ ಮರದ ನೆರಳಿನಲ್ಲಿ ನಿಲ್ಲಿಸಿದರು, ಮಗಳು ಹಾಲು ಕುಡಿಸಿದಳು, ಮತ್ತೆ ಬಿಗಿದರು. ಮುಧೋಳ ಬರುವಷ್ಟರಲ್ಲಿ ಕೂಸಿಗೆ ನಿದ್ದೆ ಹತ್ತಿತ್ತು. ಆಯಿಯ ಉಡಿ ಬರಿದಾಗಿತ್ತು, ಆದರೆ ಅವಳ ತೋರುಬೆರಳು ಬೀಳಗಿಯವರೆಗೂ ಕೂಸಿನ ಮುಷ್ಟಿಯಲ್ಲಿತ್ತು.

ಈಗ ಆ ಮನೆಯ ಸೊಸೆಗೆ ಆರು ತಿಂಗಳು. ಕಳೆದ ವಾರ ಆಯಿ ಬೀಳಗಿಗೆ ಫೋನು ಮಾಡಿದ್ದಳು. ಮೊದಲು ಮೊಮ್ಮಗಳ ಹಲ್ಲಿನ ಸುದ್ದಿ ಕೇಳಿದಳು. ಆಮೇಲೆ, "ಕೂಸು ದೊಡ್ಡದಾಗಿ ಆ ಖುರ್ಚಿ ಸಣ್ಣದಾಗಿದ್ರ ತೊಳದ ಕಳಸ್ರಿ ಅಳಿಯಂದ್ರ. ಎಲ್ಲೂ ಬಡದಿಲ್ಲ ಹೌದಲ್ರಿ?" ಎಂದು ಕೇಳಿದಳು. ಒಮ್ಮೆ ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದೆಂದು ಮೊಮ್ಮಗ ಅವಳಿಗೆ ಹೇಳಿದ್ದ.

"ಇನ್ನೂ ಮೂರ ತಿಂಗಳ ಐತೆಲ್ರಿ ಅತ್ತಿ. ಕೂಸು ಹುಟ್ಟೂ ಮೊದಲ ಯಾಕ?"

"ದವಾಖಾನಿಯಿಂದ ಮನಿಗಿ ಬರಬೇಕಲ್ರಿ" ಎಂದಳು ಆಯಿ.